ಅಮೆರಿಕದ ಸಣ್ಣ ಕಾಲೇಜಿನ ಟೆನಿಸ್ ತಂಡ: ಡಿವಿಷನ್ 3ರಲ್ಲಿ ‘ಫುಲ್ ಸ್ಕಾಲರ್‌ಶಿಪ್’ ನಿಜವಾ?

ಚಾಮುಂಡಿ_ಬೇಸ್‌ಲೈನ್ (ಪ್ರಶ್ನೆ)

ಮಗಳು ಈಗ ಮೊದಲ ಪಿಯುಸಿ, ವಿಜ್ಞಾನ, ಯುಟಿಆರ್ (ಆಟಗಾರರ ಮಟ್ಟ ಹೇಳುವ ಅಂತರರಾಷ್ಟ್ರೀಯ ರೇಟಿಂಗ್) 6.3. ಮಗ ಒಂಬತ್ತನೇ ಕ್ಲಾಸು, ಯುಟಿಆರ್ 7.6. ಇಬ್ಬರೂ ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ಟೂರ್ನಿ ಆಡ್ತಾರೆ. ಪ್ರೊ ಆಗೋ ಆಸೆ ಯಾರಿಗೂ ಇಲ್ಲ, ಆದ್ರೆ ಡಿಗ್ರಿ ಜೊತೆ ನಾಲ್ಕು ವರ್ಷ ತಂಡದಲ್ಲಿ ಆಡಬೇಕು ಅನ್ನೋದಿದೆ. ಒಬ್ಬ ಏಜೆಂಟ್ ‘ಡಿವಿಷನ್ 3ರ ಸಣ್ಣ ಕಾಲೇಜುಗಳಲ್ಲಿ ಟೆನಿಸ್ ಕೋಟಾದಲ್ಲಿ ಫುಲ್ ಸ್ಕಾಲರ್‌ಶಿಪ್ ಕೊಡಿಸ್ತೀವಿ’ ಅಂತಿದ್ದಾರೆ. ಇದು ಸಾಧ್ಯವಾ? ಹೆಣ್ಣುಮಕ್ಕಳಿಗೆ ಸುಲಭ, ಗಂಡುಮಕ್ಕಳಿಗೆ ಕಷ್ಟ ಅಂತ ಎಲ್ಲರೂ ಹೇಳೋದು ಯಾಕೆ? ಯಾವಾಗ, ಯಾರಿಗೆ, ಏನು ಕಳಿಸಬೇಕು? ನಮ್ಮ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಅನ್ನೋ ಹುದ್ದೆಯೇ ಇಲ್ಲ.

ಸೆಕೆಂಡ್‌ಸರ್ವ್

ದುಡ್ಡಿನ ವಿಷಯ ಮೊದಲು ಮುಗಿಸೋಣ, ಯಾಕಂದ್ರೆ ಅಲ್ಲೇ ಮೋಸ ಇರೋದು.

ಡಿವಿಷನ್ 3 ಕಾಲೇಜು ಆಟಕ್ಕೆಂದು ಒಂದು ಡಾಲರೂ ಕೊಡುವಂತಿಲ್ಲ. ಇದು ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ; ಡಿವಿಷನ್ 1, 2, 3 ಅದರ ಮೂರು ವಿಭಾಗಗಳು. ಕೋಚ್ ಎಷ್ಟೇ ಮೆಚ್ಚಿದರೂ ಬದಲಾಗುವುದಿಲ್ಲ. ಆಟಗಾರರಿಗೆ ಸಿಕ್ಕ ನೆರವು ಉಳಿದ ವಿದ್ಯಾರ್ಥಿಗಳಿಗೆ ಸಿಕ್ಕಿದ್ದಕ್ಕಿಂತ ಅಸಹಜವಾಗಿ ಹೆಚ್ಚಿದೆಯೇ ಎಂದು ಎನ್‌ಸಿಎಎ ಪ್ರತಿವರ್ಷ ಅಂಕಿಅಂಶ ತರಿಸಿಕೊಂಡು ನೋಡುತ್ತದೆ. ಹಾಗಾಗಿ ‘ಟೆನಿಸ್ ಕೋಟಾ’ ಅನ್ನೋ ಮಾತು ಬಂದ ಕೂಡಲೇ ಆ ಏಜೆಂಟನ್ನು ಬಿಡಿ.

ಹಾಗಂತ ದುಡ್ಡೇ ಸಿಗಲ್ಲ ಅಂತಲ್ಲ. ಎರಡು ದಾರಿ ಇವೆ. ಮಾರ್ಕ್ಸ್ ನೋಡಿ ಕೊಡುವ ಮೆರಿಟ್ ನೆರವು ಒಂದು, ಕುಟುಂಬದ ಆದಾಯ ನೋಡಿ ಕೊಡುವ ನೆರವು ಇನ್ನೊಂದು. ಓಹಾಯೊದ ಕೆನ್ಯನ್, ಡೆನಿಸನ್‌ನಂಥ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳಿಗೂ ಮೆರಿಟ್ ಕೊಡುತ್ತವೆ. ಆಮ್ಹರ್ಸ್ಟ್, ಬೋಡನ್, ಎಂಐಟಿ (ಹೌದು, ಎಂಐಟಿ ಟೆನಿಸ್ ಕೂಡ ಡಿವಿಷನ್ 3) ಆದಾಯ ನೋಡಿ ಕೊಡುತ್ತವೆ. ವಿಶೇಷ ಏನಂದ್ರೆ ಈ ಮೂರೂ ಕಡೆ ವಿದೇಶಿ ಅರ್ಜಿದಾರರು ನೆರವು ಕೇಳಿದರೆ ಅದು ಪ್ರವೇಶದ ತೀರ್ಮಾನಕ್ಕೆ ಅಡ್ಡ ಬರುವುದಿಲ್ಲ. ಉಳಿದ ಬಹುತೇಕ ಸಣ್ಣ ಕಾಲೇಜುಗಳಲ್ಲಿ ಅಡ್ಡ ಬರುತ್ತದೆ: ವರ್ಷಕ್ಕೆ 60 ಸಾವಿರ ಡಾಲರ್ ನೆರವು ಬೇಕಾದ ಹುಡುಗನಿಗಿಂತ 20 ಸಾವಿರ ಸಾಕು ಅನ್ನುವವನಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಊಟ-ವಸತಿ ಸೇರಿ ಪಟ್ಟಿ ಬೆಲೆ ವರ್ಷಕ್ಕೆ 80 ಸಾವಿರ ದಾಟಿರುವುದರಿಂದ, ಮನೆಯಿಂದ ಎಷ್ಟು ಹಾಕಬಲ್ಲಿರಿ ಅನ್ನೋ ಅಂಕಿ ಮೊದಲೇ ನಿಮ್ಮ ಕೈಲಿರಬೇಕು. ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಸಿಗಲ್ಲ. ಬಹಳಷ್ಟು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನೋ ನೆರವಿನ ಅರ್ಜಿ ತುಂಬಿಸಿಕೊಳ್ಳುತ್ತವೆ. ಅದಕ್ಕೆ ಐಟಿ ರಿಟರ್ನ್ಸ್, ಸಂಬಳದ ಸ್ಲಿಪ್, ಆಸ್ತಿ ವಿವರ ಎಲ್ಲ ಬೇಕು. ಜಮೀನಿದ್ದರೆ ಪಹಣಿ ಇಟ್ಟುಕೊಂಡು ಅದರ ಬೆಲೆಯನ್ನು ನೀವೇ ಅಂದಾಜು ಮಾಡಿ ಹಾಕಬೇಕಾಗುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವೂ ಇದೆ, ಯಾರೂ ಹೇಳಲ್ಲ. ನೆರವು ಆಟಕ್ಕೆ ಕಟ್ಟಿಲ್ಲವಾದ್ದರಿಂದ ಮೊಣಕೈ ಕೆಟ್ಟು ಎರಡನೇ ವರ್ಷ ಆಟ ನಿಲ್ಲಿಸಿದರೂ ಅದು ಮುಂದುವರಿಯುತ್ತದೆ. ಮೆರಿಟ್‌ಗೆ ಒಂದು ಕನಿಷ್ಠ ಜಿಪಿಎ (ಕಾಲೇಜಿನ ಗ್ರೇಡ್‌ಗಳ ಸರಾಸರಿ) ಇರುತ್ತದೆ, ಅಷ್ಟು ಉಳಿಸಿಕೊಂಡರೆ ಸಾಕು.

ಆಟಕ್ಕೇ ದುಡ್ಡು ಬೇಕೆಂದರೆ ಡಿವಿಷನ್ 2 ಮತ್ತು ಎನ್‌ಎಐಎ (ಎನ್‌ಸಿಎಎಯಿಂದ ಬೇರೆಯಾದ ಇನ್ನೊಂದು ಕಾಲೇಜು ಕ್ರೀಡಾ ಸಂಸ್ಥೆ) ನೋಡಿ. ಡಿವಿಷನ್ 2ರಲ್ಲಿ ಪುರುಷರ ಟೆನಿಸ್ ತಂಡಕ್ಕೆ ಗರಿಷ್ಠ 4.5 ಪೂರ್ಣ ಸ್ಕಾಲರ್‌ಶಿಪ್, ಮಹಿಳೆಯರ ತಂಡಕ್ಕೆ 6. ಎನ್‌ಎಐಎಯಲ್ಲಿ ಎರಡಕ್ಕೂ ತಲಾ 5. ಇದನ್ನು ಎಂಟು-ಹತ್ತು ಜನಕ್ಕೆ ಹಂಚುತ್ತಾರೆ, ಎಲ್ಲ ಕಾಲೇಜುಗಳೂ ಮಿತಿಯಷ್ಟು ದುಡ್ಡು ಇಡುವುದೂ ಇಲ್ಲ. ‘ಸ್ಕಾಲರ್‌ಶಿಪ್ ಸಿಕ್ಕಿದೆ’ ಅಂದರೆ ಶೇ. 30 ಇರಬಹುದು, 80 ಇರಬಹುದು. ಕೋಚ್‌ಗೆ ಕೇಳಬೇಕಾದ್ದು ಶೇಕಡಾವಾರು ಅಲ್ಲ: ‘ಎಲ್ಲ ಕಳೆದು ನಾವು ವರ್ಷಕ್ಕೆ ಎಷ್ಟು ಡಾಲರ್ ಕಟ್ಟಬೇಕು? ಎರಡನೇ ವರ್ಷ ಇದು ಮುಂದುವರಿಯುತ್ತದೆಯೇ, ಯಾವ ಷರತ್ತಿನ ಮೇಲೆ?’ ಉತ್ತರ ಇಮೇಲ್‌ನಲ್ಲಿ ಬರಲಿ.

ಡ್ಯೂಸ್‌ಕೋರ್ಟ್

ಹುಡುಗಿಯರಿಗೆ ಯಾಕೆ ಸುಲಭ ಅನ್ನೋದಕ್ಕೆ ಮೇಲಿನ ಅಂಕಿಗಳಲ್ಲೇ ಅರ್ಧ ಉತ್ತರ ಇದೆ. 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಕಾಲೇಜು ಕ್ರೀಡೆಯಲ್ಲಿ ಮಹಿಳೆಯರಿಗೂ ಸಮಾನ ಅವಕಾಶ ಕೊಡಬೇಕು. ಅಮೆರಿಕನ್ ಫುಟ್‌ಬಾಲ್ ತಂಡ ಒಂದೇ ನೂರರ ಹತ್ತಿರ ಹುಡುಗರನ್ನು ನುಂಗುವ ಕಾಲೇಜಿನಲ್ಲಿ ಆ ಲೆಕ್ಕ ಸರಿದೂಗಿಸೋದಕ್ಕೆ ಮಹಿಳಾ ತಂಡಗಳ ಜಾಗ ತುಂಬಲೇಬೇಕು.

ಉಳಿದರ್ಧ ಉತ್ತರ ಪಂದ್ಯದ ಲೆಕ್ಕದಲ್ಲಿದೆ. ಒಂದು ತಂಡ ಇನ್ನೊಂದರ ಎದುರು ಆಡುವಾಗ ಮೂರು ಡಬಲ್ಸ್, ಆರು ಸಿಂಗಲ್ಸ್. ಎರಡು ಪದ್ಧತಿ ಇವೆ. ಹಳೆಯದರಲ್ಲಿ ಪ್ರತಿ ಡಬಲ್ಸ್‌ಗೂ ಒಂದಂಕ, ಪ್ರತಿ ಸಿಂಗಲ್ಸ್‌ಗೂ ಒಂದಂಕ, ಒಟ್ಟು 9, ಐದಕ್ಕೆ ಗೆಲುವು. ಇನ್ನೊಂದರಲ್ಲಿ ಆರು ಗೇಮ್‌ಗಳ ಒಂದೊಂದೇ ಸೆಟ್ ಡಬಲ್ಸ್, ಮೂರರಲ್ಲಿ ಎರಡು ಗೆದ್ದವರಿಗೆ ಒಂದೇ ಅಂಕ. ಸಿಂಗಲ್ಸ್ ಆರು ಸೇರಿ ಒಟ್ಟು 7, ನಾಲ್ಕಕ್ಕೆ ಗೆಲುವು. ನೀವು ನೋಡುತ್ತಿರುವ ಕಾಲೇಜಿನ ಫಲಿತಾಂಶ ಪುಟದಲ್ಲಿ 5-4 ಕಂಡರೆ ಮೊದಲನೇ ಪದ್ಧತಿ, 4-3 ಕಂಡರೆ ಎರಡನೇದು.

ಈಗ ಐದೇ ಹುಡುಗಿಯರಿರುವ ತಂಡ ತಗೊಳ್ಳಿ. ಸಣ್ಣ ಕಾಲೇಜುಗಳಲ್ಲಿ ಇದು ಅಪರೂಪವಲ್ಲ. ಆರನೇ ಸಿಂಗಲ್ಸ್ ಹೋಯಿತು, ಮೂರನೇ ಡಬಲ್ಸ್‌ಗೆ ಜೋಡಿ ಇಲ್ಲ, ಅದೂ ಹೋಯಿತು. 9 ಅಂಕದ ಪಂದ್ಯದಲ್ಲಿ ಚೆಂಡು ಮುಟ್ಟುವ ಮೊದಲೇ 0-2. ಉಳಿದ ಏಳರಲ್ಲಿ ಐದು ಗೆಲ್ಲಬೇಕು. 7 ಅಂಕದ ಪದ್ಧತಿಯಲ್ಲಾದರೆ ಡಬಲ್ಸ್ ಅಂಕಕ್ಕೆ ಉಳಿದ ಎರಡೂ ಜೋಡಿ ಗೆಲ್ಲಲೇಬೇಕು. ಇಂಥ ತಂಡದ ಕೋಚ್‌ಗೆ ಯುಟಿಆರ್ 4ರ, ಗಾಯವಿಲ್ಲದ, ಓದಿನಲ್ಲಿ ಗಟ್ಟಿಯಾದ ಹುಡುಗಿ ಸಿಕ್ಕರೂ ಅದೃಷ್ಟವೇ.

ರೇಟಿಂಗ್ ಲೆಕ್ಕ ಸುಮಾರು ಹೀಗೆ. ಡಿವಿಷನ್ 3ರ ಮುಂಚೂಣಿ ಪುರುಷರ ತಂಡಗಳಲ್ಲಿ (ಷಿಕಾಗೊ, ಕ್ಲೇರ್‌ಮಾಂಟ್-ಮಡ್-ಸ್ಕ್ರಿಪ್ಸ್, ಎಮೊರಿ, ಮಿಡಲ್‌ಬರಿ ಥರದವು) ಮೇಲಿನ ಆರು ಜನ 11ರಿಂದ 12ರ ಆಸುಪಾಸು. ಮಧ್ಯಮ ತಂಡಗಳಲ್ಲಿ 8ರಿಂದ 10, ಕೆಳಗಿನವುಗಳಲ್ಲಿ 5-7. ಮಹಿಳೆಯರಲ್ಲಿ ಮುಂಚೂಣಿ 8.5ರಿಂದ ಮೇಲೆ, ಮಧ್ಯಮ 6-7.5, ಕೆಳಗೆ 3-5. ನಿಮ್ಮ ಮಗಳ 6.3 ಈಗಲೇ ಮಧ್ಯಮ ತಂಡಗಳ ಮಾತುಕತೆಗೆ ಸಾಕು. ಮಗನಿಗೆ ಇನ್ನೂ ಮೂರು ವರ್ಷ ಇದೆ, 9.5 ಮುಟ್ಟಿದರೆ ಒಳ್ಳೆಯ ಆಯ್ಕೆಗಳಿರುತ್ತವೆ. ಯುಟಿಆರ್ ಲೆಕ್ಕಕ್ಕೆ ಬರುವುದು ಕಳೆದ 12 ತಿಂಗಳ ಇತ್ತೀಚಿನ 30 ಪಂದ್ಯಗಳು ಮಾತ್ರ. ಪಿಯುಸಿ ಪರೀಕ್ಷೆಗೆಂದು ಇಡೀ ವರ್ಷ ಆಡದೇ ಇದ್ದರೆ ಅಂಕಿಯ ಮೇಲೆ ಕೋಚ್‌ಗೆ ನಂಬಿಕೆ ಹೋಗುತ್ತದೆ. ತಿಂಗಳಿಗೊಂದು ಟೂರ್ನಿಯಾದರೂ ಇರಲಿ. ಪ್ರೊಫೈಲ್ ನಿಮ್ಮ ಹೆಸರಿಗೆ ಪಡೆದುಕೊಂಡು ಎಐಟಿಎ ಫಲಿತಾಂಶಗಳು ಸರಿಯಾಗಿ ಸೇರಿವೆಯೇ ಅಂತ ನೋಡಿ, ಒಂದೇ ಹುಡುಗಿಯ ಹೆಸರಲ್ಲಿ ಎರಡು ಪ್ರೊಫೈಲ್ ಆಗಿ ಅರ್ಧ ಪಂದ್ಯ ಅಲ್ಲಿ ಅರ್ಧ ಇಲ್ಲಿ ಆಗಿರೋದು ಮಾಮೂಲು. ಎಐಟಿಎ ರ‍್ಯಾಂಕಿಂಗ್ ಅಲ್ಲಿನ ಬಹುತೇಕ ಕೋಚ್‌ಗಳಿಗೆ ಅರ್ಥವಾಗಲ್ಲ. ಬರೆಯಿರಿ, ಆದರೆ ಅದರ ಮೇಲೆ ಭಾರ ಹಾಕಬೇಡಿ.

‘ಡಿವಿಷನ್ 3 ಅಂದ್ರೆ ಟೈಮ್‌ಪಾಸ್’ ಅನ್ನೋರಿಗೊಂದು ಹೆಸರು: ಹಾಂಗ್‌ಕಾಂಗ್‌ನ ಯೂಡಿಸ್ ಚಾಂಗ್. ಕನೆಕ್ಟಿಕಟ್‌ನ ವೆಸ್ಲಿಯನ್‌ನಲ್ಲಿ ಓದುತ್ತಾ 2015ರಿಂದ 2018ರವರೆಗೆ ನಾಲ್ಕೂ ವರ್ಷ ಡಿವಿಷನ್ 3 ಸಿಂಗಲ್ಸ್ ಗೆದ್ದು ಆಮೇಲೆ ಪ್ರೊ ಆದವಳು.

ಕಾಮನ್‌ಆ್ಯಪ್_ಕಾಕಾ

ಕಾಗದಪತ್ರದ ಕಡೆ ನಾನು ಹೇಳ್ತೀನಿ. ಮಗಳಿಗೆ ಸಮಯ ಕಡಿಮೆ ಇದೆ.

ಮೊದಲ ಪಿಯುಸಿ ಮುಗಿಯೋ ಹೊತ್ತಿಗೆ 40ರಷ್ಟು ಕಾಲೇಜುಗಳ ಪಟ್ಟಿ ಮಾಡಿ ಇಮೇಲ್ ಶುರು ಮಾಡಿ. ಡಿವಿಷನ್ 3 ಕೋಚ್‌ಗಳು ಯಾವಾಗ ಬೇಕಾದರೂ ಉತ್ತರಿಸಬಹುದು. ವಿಷಯದ ಸಾಲಿನಲ್ಲೇ ಹೆಸರು, ಯಾವ ವರ್ಷ ಕಾಲೇಜು ಸೇರುವುದು, ಯುಟಿಆರ್, ದೇಶ. ಒಳಗೆ ಎಂಟು-ಹತ್ತು ಸಾಲು ಸಾಕು: 9 ಮತ್ತು 10ನೇ ತರಗತಿ ಮಾರ್ಕ್ಸ್, ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಬರೆದಿದ್ದರೆ ಅಂಕ, ಯಾವ ವಿಷಯ ಓದಬೇಕೆಂದಿದೆ, ಮುಂದಿನ ಮೂರು ತಿಂಗಳ ಟೂರ್ನಿ, ವಿಡಿಯೊ ಕೊಂಡಿ. ಇಮೇಲ್ ಮಗಳೇ ಬರೀಬೇಕು. ಅಪ್ಪ-ಅಮ್ಮ ಬರೆದದ್ದು ಮೊದಲ ಸಾಲಲ್ಲೇ ಗೊತ್ತಾಗುತ್ತೆ, ಕೋಚ್‌ಗಳಿಗೆ ಅದು ಇಷ್ಟವಾಗಲ್ಲ. ಹತ್ತು ದಿನ ಉತ್ತರ ಬರದಿದ್ದರೆ ಇನ್ನೊಮ್ಮೆ ಹಾಕಿ.

ವಿಡಿಯೊ ಐದಾರು ನಿಮಿಷ. ಕ್ಯಾಮೆರಾ ಬೇಸ್‌ಲೈನ್ ಹಿಂದೆ, ಬೇಲಿಯ ಮೇಲ್ಭಾಗದ ಎತ್ತರಕ್ಕೆ, ಇಡೀ ಕೋರ್ಟ್ ಕಾಣುವಂತೆ. ಮೊದಲೆರಡು ನಿಮಿಷ ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್, ವಾಲಿ, ಎರಡೂ ಬದಿಯಿಂದ ಸರ್ವ್, ರಿಟರ್ನ್. ಉಳಿದದ್ದು ಕತ್ತರಿಸದ ಪಂದ್ಯ: ಮೂರು ನಾಲ್ಕು ಗೇಮ್, ಸೋತ ಪಾಯಿಂಟ್ ಸಮೇತ. ಸಂಗೀತ ಬೇಡ, ಸ್ಲೋಮೋಷನ್ ಬೇಡ. ಪಾಯಿಂಟ್‌ಗಳ ನಡುವೆ ಹುಡುಗಿ ಹೇಗೆ ನಡೆಯುತ್ತಾಳೆ, ಸೋತ ಮೇಲೆ ಮುಖ ಹೇಗಿರುತ್ತೆ ಅನ್ನೋದನ್ನೂ ನೋಡ್ತಾರೆ. ಒಂದು ಡಬಲ್ಸ್ ತುಣುಕು ಕಡ್ಡಾಯ ಇರಲಿ.

ಕೋಚ್‌ಗೆ ಆಸಕ್ತಿ ಬಂದರೆ ಎರಡನೇ ಪಿಯುಸಿ ಶುರುವಾದ ಮೇಲೆ, ಸಾಮಾನ್ಯವಾಗಿ ಜುಲೈನಿಂದ, ಪ್ರಿ-ರೀಡ್ ನಡೆಯುತ್ತೆ. ಅಂದರೆ ಮಾರ್ಕ್ಸ್‌ಕಾರ್ಡು, ಎಸ್‌ಎಟಿ, ಈ ವರ್ಷ ಓದುತ್ತಿರುವ ವಿಷಯಗಳ ಪಟ್ಟಿಯನ್ನು ಕೋಚ್ ಅಡ್ಮಿಷನ್ ಆಫೀಸಿಗೆ ಕೊಟ್ಟು, ಈ ಹುಡುಗಿ ಅರ್ಜಿ ಹಾಕಿದರೆ ಹೇಗೆ ಅಂತ ಕೇಳೋದು. ಉತ್ತರ ಅನುಕೂಲವಾಗಿದ್ದರೆ ಅರ್ಲಿ ಡಿಸಿಷನ್‌ಗೆ (ಒಂದೇ ಕಾಲೇಜಿಗೆ ಮುಂಚೆಯೇ ಹಾಕುವ ಅರ್ಜಿ) ಹಾಕಲು ಹೇಳ್ತಾರೆ, ಗಡುವು ನವೆಂಬರ್ 1 ಅಥವಾ 15. ಅರ್ಲಿ ಡಿಸಿಷನ್ ಕಟ್ಟುಪಾಡಿನದ್ದು, ಸೀಟು ಬಂದರೆ ಸೇರಲೇಬೇಕು. ನೆರವು ಸಾಲದಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ಆದ್ದರಿಂದ ಪ್ರಿ-ರೀಡ್ ಸಮಯದಲ್ಲೇ ನೆರವಿನ ಅಂದಾಜನ್ನೂ ಕೇಳಿ. ಕಾಲೇಜುಗಳ ತಾಣದಲ್ಲಿರುವ ವೆಚ್ಚದ ಕ್ಯಾಲ್ಕ್ಯುಲೇಟರ್‌ಗಳು ಹೆಚ್ಚಾಗಿ ಅಮೆರಿಕದವರಿಗೆಂದೇ ಮಾಡಿದವು, ಅವುಗಳ ಉತ್ತರ ನಂಬಬೇಡಿ. ‘ಕೋಚ್ ಹೂಂ ಅಂದ್ರು’ ಅಂದರೆ ಸೀಟು ಸಿಕ್ಕಿತು ಅಂತಲ್ಲ. ಡಿವಿಷನ್ 3ರಲ್ಲಿ ಕೋಚ್ ಜೊತೆಗಿನ ಒಪ್ಪಂದ ಬಾಯಿಮಾತಿನದ್ದು, ಎರಡೂ ಕಡೆಯಿಂದ.

ಪಿಯು ಕಾಲೇಜಿನಲ್ಲಿ ಸಿಕ್ಕಿಹಾಕಿಕೊಳ್ಳೋದು ಇಲ್ಲಿ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಹಾಕಬಹುದಾದ ಒಂದೇ ಆನ್‌ಲೈನ್ ಅರ್ಜಿ) ಕೌನ್ಸೆಲರ್ ಅಂತ ಪ್ರಿನ್ಸಿಪಾಲರನ್ನೋ ಒಬ್ಬ ಉಪನ್ಯಾಸಕರನ್ನೋ ಹಾಕಬಹುದು, ಆದರೆ ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ಇರಬೇಕು. ಜಿಮೇಲ್ ಆದರೆ ಅನುಮಾನ ಬರುತ್ತೆ. ಅವರು ಶಾಲಾ ವರದಿ, ಶಿಫಾರಸು ಪತ್ರ, 9ರಿಂದ 12ರವರೆಗಿನ ಟ್ರಾನ್ಸ್‌ಕ್ರಿಪ್ಟ್ ಅಪ್‌ಲೋಡ್ ಮಾಡಬೇಕು. 9 ಮತ್ತು 10 ಬೇರೆ ಶಾಲೆಯಲ್ಲಿ ಆಗಿದ್ದರೆ ಆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬೇರೆಯಾಗಿ ಬರೆಸಿ. ಮಾರ್ಕ್ಸನ್ನು ಜಿಪಿಎಗೆ ನೀವೇ ತಿರುಗಿಸಬೇಡಿ, ಇದ್ದದ್ದನ್ನು ಇದ್ದಹಾಗೆ ಕೊಡಿ. ಈ ಕೆಲಸವನ್ನು ಆಗಸ್ಟ್‌ನಲ್ಲೇ ಮುಗಿಸಿ. ದಸರಾ ರಜೆ ಶುರುವಾದರೆ ಸಹಿ ಹಾಕೋರು ಸಿಗಲ್ಲ, ನವೆಂಬರ್ ಗಡುವು ಬಂದುಬಿಡುತ್ತೆ. ಟೂರ್ನಿಗಾಗಿ ತಪ್ಪಿಸುವ ತರಗತಿಗಳಿಗೆ ಹಾಜರಾತಿ ವಿನಾಯಿತಿ ಪತ್ರವನ್ನೂ ಜೊತೆಗೇ ಮಾಡಿಸಿಕೊಳ್ಳಿ, ಶೇ. 75 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಇನ್ನೆರಡು. 2023ರ ಆಗಸ್ಟ್‌ನಿಂದ ಡಿವಿಷನ್ 3 ಸೇರುವ ವಿದೇಶಿ ಆಟಗಾರರೂ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಹವ್ಯಾಸಿ ಆಟಗಾರ ಎಂಬ ಪ್ರಮಾಣೀಕರಣ ಪಡೆಯಬೇಕು. ಬಹುಮಾನದ ಹಣ ತೆಗೆದುಕೊಂಡಿದ್ದರೆ ಆ ಟೂರ್ನಿಯ ಪ್ರವೇಶ ಶುಲ್ಕ, ರೈಲು, ಹೋಟೆಲ್ ರಸೀದಿ ಎಲ್ಲ ಇಟ್ಟುಕೊಳ್ಳಿ, ಬಹುಮಾನ ಖರ್ಚಿಗಿಂತ ಹೆಚ್ಚಿಲ್ಲ ಅಂತ ತೋರಿಸಬೇಕಾಗಬಹುದು. ಪಿಯುಸಿ ನಂತರ ಒಂದು ವರ್ಷ ಬಿಡುವು ತಗೊಂಡು ಟೂರ್ನಿ ಆಡೋಣ ಅನ್ನೋ ಯೋಚನೆ ಇದ್ದರೆ ಮೊದಲು ಕೋಚ್‌ಗೆ ಕೇಳಿ, ಅರ್ಹತೆಯ ಒಂದು ಸೀಸನ್ ಹೋಗಬಹುದು.

ಚಾಮುಂಡಿ_ಬೇಸ್‌ಲೈನ್

ಇಷ್ಟು ವಿವರಕ್ಕೆ ಧನ್ಯವಾದ. ಏಜೆಂಟ್ ವಿಷಯ ಅಲ್ಲಿಗೆ ಮುಗಿಯಿತು. ಒಂದು ಕಾಲೇಜಿನ ಟೆನಿಸ್ ಕಾರ್ಯಕ್ರಮ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಇಲ್ಲಿಂದಲೇ ಹೇಗೆ ತಿಳಿಯೋದು? ಮತ್ತೆ, ಎನ್‌ಎಐಎ ಅಂದ್ರೆ ಮಟ್ಟ ಕಡಿಮೆ ಅಂತ ಒಬ್ಬರು ಹೇಳಿದ್ರು.

ಸಿಕ್ಸ್‌ಕೋರ್ಟ್ಸ್

ಎನ್‌ಎಐಎ ಕಡಿಮೆ ಅನ್ನೋದು ಪೂರ್ತಿ ತಪ್ಪು. ಜಾರ್ಜಿಯಾ ಗ್ವಿನೆಟ್, ಫ್ಲಾರಿಡಾದ ಕೈಸರ್ ತಂಡಗಳ ಪಟ್ಟಿ ತೆಗೆದು ನೋಡಿ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಹುಡುಗರೇ ತುಂಬಿದ್ದಾರೆ. ಡಿವಿಷನ್ 3ರ ಎಷ್ಟೋ ಒಳ್ಳೆಯ ತಂಡಗಳಿಗೆ ಅವರ ಎದುರು ಒಂದಂಕ ಸಿಗುವುದೂ ಕಷ್ಟ. ಅಂತರ ಇರೋದು ಮೇಲಿನ ಕೆಲವು ಎನ್‌ಎಐಎ ತಂಡಗಳಿಗೂ ಕೆಳಗಿನವುಗಳಿಗೂ ನಡುವೆ. ಮೇಲೆ ಡ್ಯೂಸ್‌ಕೋರ್ಟ್ ಕೊಟ್ಟ ರೇಟಿಂಗ್ ಪಟ್ಟಿಯನ್ನೂ ಒಂದು ಮಿತಿಯಲ್ಲಿ ತಗೊಳ್ಳಿ. ಬೇಕಾದ್ದು ಆ ನಿರ್ದಿಷ್ಟ ತಂಡದ 4, 5, 6ನೇ ಸ್ಥಾನದವರ ರೇಟಿಂಗ್. ಒಂದನೇ ಸ್ಥಾನದವಳು 9 ಇದ್ದು ಆರನೆಯವಳು 4 ಇರೋ ತಂಡಗಳು ಬೇಕಾದಷ್ಟಿವೆ.

ಹಾಗಾಗಿ ಕಾಲೇಜಿನ ಕ್ರೀಡಾ ತಾಣದಲ್ಲಿ ರೋಸ್ಟರ್ (ತಂಡದ ಆಟಗಾರರ ಪಟ್ಟಿ) ತೆಗೆಯಿರಿ. ಯಾರು ಯಾವ ವರ್ಷದಲ್ಲಿದ್ದಾರೆ ನೋಡಿ. ನಿಮ್ಮ ಮಗಳು ಸೇರುವ ವರ್ಷಕ್ಕೆ ಮುಂಚೆ ಪದವಿ ಮುಗಿಸಿ ಹೋಗುವವರನ್ನು ತೆಗೆದುಹಾಕಿ, ಉಳಿದವರ ಯುಟಿಆರ್ ಒಂದೊಂದಾಗಿ ಹುಡುಕಿ, ಸಾಲಾಗಿ ಬರೆದು ಅವಳ ಅಂಕಿ ಎಲ್ಲಿ ಬೀಳುತ್ತೆ ನೋಡಿ. ನಾಲ್ಕರಿಂದ ಆರರೊಳಗೆ ಬಿದ್ದರೆ ಆ ಕಾಲೇಜು ಸರಿಯಾದದ್ದು. ಒಂದನೇ ಸ್ಥಾನಕ್ಕೆ ಬಿದ್ದರೆ ಅಭ್ಯಾಸದಲ್ಲಿ ಎದುರಾಳಿ ಸಿಗಲ್ಲ. ಹತ್ತಕ್ಕೆ ಬಿದ್ದರೆ ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯ ಆಡ್ತಾ ಕೂರಬೇಕು. ಆಮೇಲೆ ಹಿಂದಿನ ಮೂರು ವರ್ಷದ ರೋಸ್ಟರ್ ತೆಗೆದು ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಜನ ಮೂರನೇ ವರ್ಷಕ್ಕೂ ಇದ್ದಾರೆ ಅಂತ ಎಣಿಸಿ. ಐದಕ್ಕೆ ನಾಲ್ಕು ಬಿಟ್ಟುಹೋಗಿದ್ದರೆ ಕಾರಣವನ್ನು ಕೋಚ್‌ಗೆ ಕೇಳೋದಲ್ಲ, ತಂಡದವರಿಗೆ ಕೇಳಿ.

ಸಣ್ಣ ಕಾಲೇಜುಗಳಲ್ಲಿ ಪುರುಷರ ಮತ್ತು ಮಹಿಳೆಯರ ತಂಡಕ್ಕೆ ಒಬ್ಬನೇ ಕೋಚ್ ಇರೋದು ಸಾಮಾನ್ಯ. ಅದು ತಪ್ಪಲ್ಲ, ಆದರೆ ಹೊರಾಂಗಣ ಕೋರ್ಟ್ ಎಷ್ಟಿವೆ ನೋಡಬೇಕು. ಆರೇ ಇದ್ದರೆ ಒಂದು ತಂಡ ಮೂರೂವರೆಗೆ, ಇನ್ನೊಂದು ಐದೂವರೆಗೆ ಅಭ್ಯಾಸ. ಲ್ಯಾಬ್ ತರಗತಿ ಮಧ್ಯಾಹ್ನ ಇರೋ ವಿಜ್ಞಾನದ ವಿದ್ಯಾರ್ಥಿಗೆ ಯಾವುದು ಹೊಂದುತ್ತೆ ಅನ್ನೋದು ಮುಖ್ಯ. ಎರಡೂ ತಂಡ ಒಂದೇ ದಿನ ಒಂದೇ ಬಸ್ಸಿನಲ್ಲಿ ಹೋಗುವ ಕಡೆ ಒಂದು ತಂಡ ಆಡಿ ಮುಗಿಸಿದ ಮೇಲೆ ಇನ್ನೊಂದು, ಶನಿವಾರ ಪೂರ್ತಿ ಹೋಗುತ್ತೆ. ಕೋಚ್ ಪೂರ್ಣಾವಧಿಯೋ, ಬೇರೆ ಕೆಲಸದ ಜೊತೆಗಿನ ಅರೆಕಾಲಿಕವೋ ಅಂತ ನೇರ ಕೇಳಿ.

ಮಿನ್ನೆಸೋಟಾ, ಓಹಾಯೊ, ನ್ಯೂ ಇಂಗ್ಲೆಂಡ್ ಕಡೆ ಫೆಬ್ರವರಿ-ಮಾರ್ಚ್ ಪೂರ್ತಿ ಒಳಾಂಗಣ. ಕ್ಯಾಂಪಸ್‌ನಲ್ಲೇ ಇದೆಯೋ, 20 ನಿಮಿಷ ದೂರದ ಕ್ಲಬ್ಬಿನಲ್ಲಿ ರಾತ್ರಿ ಒಂಬತ್ತರ ಮೇಲೆ ಬಾಡಿಗೆಗೆ ಸಿಗುತ್ತೋ? ನಾಲ್ಕೇ ಕೋರ್ಟ್ ಇದ್ದರೆ 1ರಿಂದ 4ನೇ ಸಿಂಗಲ್ಸ್ ಮೊದಲು ಹೋಗುತ್ತೆ. 5 ಮತ್ತು 6ನೆಯವರು ಡಬಲ್ಸ್ ಮುಗಿಸಿ ಒಂದೂವರೆ ಗಂಟೆ ಕೂತು, ಮೈ ತಣ್ಣಗಾದ ಮೇಲೆ ಆಡಬೇಕು. ಎಷ್ಟೋ ಪಂದ್ಯ ಅಲ್ಲೇ ತೀರ್ಮಾನವಾಗೋದು. ಮಾರ್ಚ್ ರಜೆಯಲ್ಲಿ ತಂಡಗಳು ಫ್ಲಾರಿಡಾ ಅಥವಾ ದಕ್ಷಿಣ ಕ್ಯಾರೊಲೈನಾದ ಹಿಲ್ಟನ್ ಹೆಡ್‌ಗೆ ಹೋಗ್ತವೆ, ಅದರ ಖರ್ಚಿನಲ್ಲಿ ಆಟಗಾರರ ಪಾಲು ಎಷ್ಟು ಅಂತ ಕೇಳಿಟ್ಟುಕೊಳ್ಳಿ.

ಕೊನೆಗೆ ಕಾಲೇಜೇ ಉಳಿಯುತ್ತಾ ಅನ್ನೋದೂ ಇದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಮತ್ತು ಪೆನ್ಸಿಲ್ವೇನಿಯಾದ ಕ್ಯಾಬ್ರೀನಿ, ಎರಡೂ ಡಿವಿಷನ್ 3, 2024ರಲ್ಲಿ ಬಾಗಿಲು ಮುಚ್ಚಿದವು. ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಐದಾರು ವರ್ಷದಿಂದ ಇಳಿಯುತ್ತಲೇ ಇದೆಯಾ, ವಿಭಾಗಗಳನ್ನು ಮುಚ್ಚುತ್ತಿದ್ದಾರಾ ಅಂತ ಸ್ಥಳೀಯ ಪತ್ರಿಕೆಗಳಲ್ಲಿ ಹುಡುಕಿದರೆ ಸಿಗುತ್ತೆ. ಅಂಥ ಕಡೆ ಮೆರಿಟ್ ಧಾರಾಳ. ಆ ಧಾರಾಳತನವೇ ಎಚ್ಚರಿಕೆ.

ಡ್ಯೂಸ್‌ಕೋರ್ಟ್

4-6ರ ಲೆಕ್ಕ ಒಪ್ಪಿದೆ, ನಾನು ಹೇಳಿದ್ದಕ್ಕಿಂತ ಅದು ಉಪಯೋಗ. ಆದರೆ ಮಗಳ ವಿಷಯದಲ್ಲಿ ಒಂದನೇ ಸ್ಥಾನಕ್ಕೆ ಬೀಳೋ ಕಾಲೇಜನ್ನು ಪೂರ್ತಿ ಬಿಡಬೇಡಿ. ಒಬ್ಬನೇ ಕೋಚ್ ಇರೋ ಕಡೆ ಅವಳನ್ನು ಪುರುಷರ ತಂಡದ 5-6ನೆಯವರ ಜೊತೆ ಆಡಿಸ್ತಾರೆ. ಅಭ್ಯಾಸ ಒಟ್ಟಿಗೆ ನಡೆಯುತ್ತಾ ಅಂತ ಕೇಳಿದರಾಯ್ತು.

ಟೆನ್ಷನ್48

ಆಟದ ಬಗ್ಗೆ ಮಾತ್ರ ನಾಲ್ಕು ಮಾತು, ಈಗಿಂದಲೇ ಅಭ್ಯಾಸ ಮಾಡೋಕಾಗುವಂಥವು.

ಡಬಲ್ಸ್. ನಮ್ಮ ಮಕ್ಕಳು ಜೂನಿಯರ್ ಟೂರ್ನಿಗಳಲ್ಲಿ ಸಿಂಗಲ್ಸ್ ಸೋತ ಕೂಡಲೇ ಡಬಲ್ಸ್ ಬಿಟ್ಟು ಬಸ್ ಹತ್ತುತ್ತಾರೆ. ಕಾಲೇಜಿನಲ್ಲಿ ಪಂದ್ಯ ಶುರುವಾಗೋದೇ ಡಬಲ್ಸ್‌ನಿಂದ. ಸಿಂಗಲ್ಸ್‌ನಲ್ಲಿ ಏಳನೇ ಸ್ಥಾನದವಳು ವಾಲಿ ಚೆನ್ನಾಗಿದ್ದರೆ ಮೂರನೇ ಡಬಲ್ಸ್‌ಗೆ ಬರ್ತಾಳೆ. ಕೋಚ್ ನೋಡೋದು ಮೂರು: ಮೊದಲ ಸರ್ವ್ ಶೇ. 60ಕ್ಕಿಂತ ಹೆಚ್ಚು ಒಳಗೆ ಬೀಳುತ್ತಾ, ರಿಟರ್ನ್ ನೆಟ್‌ನಲ್ಲಿ ನಿಂತವಳನ್ನು ತಪ್ಪಿಸಿ ಅಡ್ಡಕ್ಕೆ ಕೆಳಗೆ ಬೀಳುತ್ತಾ, ಜೊತೆಗಾರ್ತಿ ಸರ್ವ್ ಮಾಡುವಾಗ ನೆಟ್‌ನಲ್ಲಿ ಕದಲುತ್ತಾಳಾ.

ಲೈನ್ ಕಾಲ್ ಆಟಗಾರರದ್ದೇ. ಆರು ಕೋರ್ಟಿಗೆ ಒಬ್ಬರೋ ಇಬ್ಬರೋ ಅಧಿಕಾರಿಗಳು ಓಡಾಡಿಕೊಂಡಿರ್ತಾರೆ. ಎರಡು ಸಲ ಅನುಮಾನದ ಕಾಲ್ ಬಂದರೆ ಜಗಳ ಬೇಡ, ಅಧಿಕಾರಿಯನ್ನು ಕರೆದು ಆ ಕೋರ್ಟಿನಲ್ಲೇ ನಿಲ್ಲಲು ಕೇಳಿ. ಕೋಚ್ ಅಂಕಣದೊಳಗೇ ಬಂದು ಪಾಯಿಂಟ್‌ಗಳ ನಡುವೆ ಮಾತಾಡಬಹುದು, ಪಕ್ಕದ ಕೋರ್ಟಿನಿಂದ ತಂಡದವರ ಕೂಗು ನಿಲ್ಲೋದೇ ಇಲ್ಲ. ಮೌನದಲ್ಲಿ ಆಡಿ ರೂಢಿಯಾದವರಿಗೆ ಮೊದಲ ತಿಂಗಳು ಕಷ್ಟ.

ಸ್ಟ್ರಿಂಗ್, ಅಂದರೆ ರಾಕೆಟ್‌ನ ದಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಮೈಸೂರು 750ರ ಹತ್ತಿರ. ಇಲ್ಲಿ ಚೆಂಡು ಸ್ವಲ್ಪ ಹಾರುತ್ತೆ, ಅದಕ್ಕೆ ಬಿಗಿ ಹೆಚ್ಚು ಹಾಕಿಸಿರ್ತಾರೆ. ಕರಾವಳಿ ಮಟ್ಟದ ಊರಲ್ಲಿ, ಏಪ್ರಿಲ್‌ನ 8 ಡಿಗ್ರಿ ಚಳಿಯಲ್ಲಿ ಚೆಂಡು ಸತ್ತಂತಾಗುತ್ತೆ, ಪಾಲಿಯೆಸ್ಟರ್ ದಾರ ಗಟ್ಟಿಯಾಗುತ್ತೆ, ಎರಡೇ ವಾರದಲ್ಲಿ ಮೊಣಕೈ ನೋವು. ಇಲ್ಲಿ ಬಿಗಿ 52 ಪೌಂಡ್ ಇದ್ದರೆ ಅಲ್ಲಿ 48-49ಕ್ಕೆ ಇಳಿಸಿ, ಇಲ್ಲವೇ ಅಡ್ಡದಾರಕ್ಕೆ ಮೃದುವಾದ ಮಲ್ಟಿಫಿಲಮೆಂಟ್ (ಹಲವು ಎಳೆ ಸೇರಿಸಿ ಮಾಡಿದ ದಾರ) ಹಾಕಿ. ತಂಡದ ಕೋಣೆಯಲ್ಲಿ ಸ್ಟ್ರಿಂಗಿಂಗ್ ಯಂತ್ರ ಇರೋ ಕಾಲೇಜುಗಳು ಬಹಳ. ಕೆಲಸ ಬರೋ ಹುಡುಗರಿಗೆ ಅದೇ ಕ್ಯಾಂಪಸ್ ಉದ್ಯೋಗವಾಗಿ ಸಿಗೋದೂ ಉಂಟು. ಎಫ್-1ರಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕ್ಯಾಂಪಸ್ ಒಳಗೆ ದುಡಿಯಬಹುದು. ಮಗನಿಗೆ ಮೂರು ವರ್ಷ ಇದೆಯಲ್ಲ, ಊರಿನ ಸ್ಟ್ರಿಂಗರ್ ಹತ್ತಿರ ನಾಲ್ಕು ಭಾನುವಾರ ಕೂರಿಸಿ.